ಚೀನಾದ ಯುದ್ಧ ವಿಮಾನಕ್ಕೂ ನಮ್ಮ ಬೆಂಗಳೂರಿಗೂ ಹಳೇ ನಂಟು

2025ರ ಮೇ ತಿಂಗಳಲ್ಲಿ ಭಾರತ-ಪಾಕಿಸ್ತಾನ ಸಂಘರ್ಷ ನಡೆದಾಗ ಬೈರಾಪಟ್ಟಣದ ಟೀ ಅಂಗಡಿಯಲ್ಲೂ ಅದೇ ಮಾತು. ಪಾಕಿಸ್ತಾನದ ಹತ್ತಿರ ಇರುವ ಚೀನಾದ ಜೆ-10 ವಿಮಾನದ ವಿಡಿಯೋಗಳು ಎಲ್ಲರ ಫೋನಿಗೂ ಬರುತ್ತಿದ್ದವು. ಆಗ ಹಿರಿಯರೊಬ್ಬರು ನಮ್ಮನ್ನು ಕೇಳಿದರು: "ಏನ್ರಪ್ಪಾ, ಓದ್ದೋರು ನೀವು. ಚೀನಾದೋರು ಮಾಡ್ತಾರೆ, ನಮ್ಮೋರ ಕೈಲಿ ಯಾಕಾಗಲ್ಲ?"

ಅವತ್ತು ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ. ಆಮೇಲೆ ಹುಡುಕಿ ಓದಿದೆವು. ಓದಿದ ಮೇಲೆ ಗೊತ್ತಾಯಿತು, ಆ ಪ್ರಶ್ನೆಯೇ ಅರ್ಧ ತಪ್ಪು. ನಮ್ಮೂರಿಂದ ಎರಡು ಗಂಟೆ ಬಸ್ ದಾರಿಯ ಬೆಂಗಳೂರಲ್ಲಿ ಯುದ್ಧ ವಿಮಾನ ಮಾಡಿದ್ದಾರೆ. ಮಾಡಿ, ನಡುವೆ ಕೈ ಬಿಟ್ಟಿದ್ದಾರೆ. ಕತೆ ಇರುವುದೇ ಅಲ್ಲಿ.

ಚೀನಾದಲ್ಲಿ ಬಾಂಬು, ಬೆಂಗಳೂರಲ್ಲಿ ಕಾರ್ಖಾನೆ

ವಿಲಿಯಂ ಪಾಲಿ ಎಂಬ ಅಮೆರಿಕದ ವ್ಯಾಪಾರಿ 1930ರ ದಶಕದಲ್ಲಿ ಚೀನಾದಲ್ಲಿ ವಿಮಾನ ಜೋಡಿಸುವ ಕಾರ್ಖಾನೆ ನಡೆಸುತ್ತಿದ್ದ. ಜಪಾನಿನ ಸೈನ್ಯ ಮುಂದೆ ಬಂದಂತೆ ಕಾರ್ಖಾನೆ ಊರಿಂದ ಊರಿಗೆ ಹೋಗಿ, ಕೊನೆಗೆ ಬರ್ಮಾ ಗಡಿಯ ಲೋಯಿವಿಂಗ್ ಸೇರಿತು. 1940ರ ಅಕ್ಟೋಬರಿನಲ್ಲಿ ಜಪಾನ್ ಅಲ್ಲೂ ಬಾಂಬು ಹಾಕಿತು.

ಅದಕ್ಕೆ ಮೊದಲೇ, 1939ರಲ್ಲಿ, ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರಿಗೆ ಪಾಲಿಯ ಪರಿಚಯವಾಗಿತ್ತು. ಭಾರತದಲ್ಲೂ ವಿಮಾನ ಮಾಡೋಣ ಎಂದು ವಾಲ್‌ಚಂದ್ ಹೊರಟಾಗ ಕೈ ಹಿಡಿದದ್ದು ಮೈಸೂರು ಸಂಸ್ಥಾನ. ಆಗ ದಿವಾನರು ಸರ್ ಮಿರ್ಜಾ ಇಸ್ಮಾಯಿಲ್. ಸಂಸ್ಥಾನ ಹಣವನ್ನೂ ಹಾಕಿತು, 700 ಎಕರೆ ಜಮೀನನ್ನೂ ಕೊಟ್ಟಿತು. ಶಿವನಸಮುದ್ರದ ಕರೆಂಟು 1905ರಿಂದಲೇ ಬೆಂಗಳೂರಿಗೆ ಬರುತ್ತಿತ್ತು. 1940ರ ಡಿಸೆಂಬರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಶುರುವಾಯಿತು. ಇವತ್ತು ನಾವು ಎಚ್‌ಎಎಲ್ ಎನ್ನುವುದು ಅದನ್ನೇ.

1941ರಲ್ಲಿ ಅಲ್ಲಿಂದ ಮೊದಲ ತರಬೇತಿ ವಿಮಾನ ಹಾರಿತು. 1942ರಲ್ಲಿ ಕರ್ಟಿಸ್ ಹಾಕ್ ಎಂಬ ಯುದ್ಧ ವಿಮಾನ ಹೊರಬಂತು. ಲೋಯಿವಿಂಗ್‌ನಲ್ಲಿ ಚೀನಾಕ್ಕಾಗಿ ಕೈಗೆತ್ತಿಕೊಂಡಿದ್ದ ವಿಮಾನವೂ ಅದೇ. ಅಂದರೆ ಚೀನಾದ ಅಂದಿನ ಕಾರ್ಖಾನೆಗೂ ನಮ್ಮದಕ್ಕೂ ಒಂದೇ ಬೇರು. ಅದೇ ಯುದ್ಧಕಾಲದಲ್ಲಿ ಪ್ಯಾರಾಚೂಟಿಗೆ ಬೇಕೆಂದು ಮೈಸೂರು ಸೀಮೆಯ ರೇಷ್ಮೆಗೂ ಬೇಡಿಕೆ ಏರಿತ್ತು.

ಮಾರುತ ಎಂಬ ನಮ್ಮ ವಿಮಾನ

1956ರಲ್ಲಿ ಚೀನಾ ಸೋವಿಯತ್ ರಷ್ಯಾದ ಮಿಗ್-17ರ ನಕಲನ್ನು ಜೆ-5 ಎಂಬ ಹೆಸರಲ್ಲಿ ಹಾರಿಸಿತು. ಅದೇ ವರ್ಷ ಜರ್ಮನಿಯ ಹೆಸರಾಂತ ವಿನ್ಯಾಸಕಾರ ಕುರ್ಟ್ ಟ್ಯಾಂಕ್ ಬೆಂಗಳೂರಿಗೆ ಬಂದರು. ನಕಲು ಬೇಡ, ನಮ್ಮದೇ ವಿಮಾನ ಮಾಡೋಣ ಎಂಬುದು ನಮ್ಮವರ ಆಸೆ.

ಮೊದಲು ಅದೇ ಅಳತೆಯ ಮರದ ಗ್ಲೈಡರ್ ಮಾಡಿ 1959ರಲ್ಲಿ ಹಾರಿಸಿ ನೋಡಿದರು. ಚನ್ನಪಟ್ಟಣದವರಿಗೆ ಇದು ಖುಷಿ ಕೊಡುವ ಸಂಗತಿ, ಭಾರತದ ಮೊದಲ ಜೆಟ್ ಯುದ್ಧ ವಿಮಾನದ ಪರೀಕ್ಷೆ ನಡೆದದ್ದು ಮರದಲ್ಲಿ! 1961ರ ಜೂನ್ 17ರಂದು ಸುರಂಜನ್ ದಾಸ್ ಅವರು ನಿಜವಾದ ಎಚ್‌ಎಫ್-24 ಮಾರುತವನ್ನು ಹಾರಿಸಿದರು.

ಮೈಕಟ್ಟು ಚೆನ್ನಾಗಿತ್ತು, ಎದೆಯಲ್ಲಿ ದಮ್ಮಿರಲಿಲ್ಲ. ಬೇಕಾಗಿದ್ದ ಬಲವಾದ ಎಂಜಿನ್ ಬ್ರಿಟನ್ನಿನಲ್ಲಿ ತಯಾರಾಗಬೇಕಿತ್ತು. ಅದರ ಖರ್ಚು ಹೊರಲು ನಮ್ಮ ಸರ್ಕಾರ ಒಪ್ಪಲಿಲ್ಲ. ಸಣ್ಣ ಎಂಜಿನ್ನಿನಲ್ಲೇ ಹಾರಿಸಿದರು. ಎಂಜಿನ್ ಸುಧಾರಿಸುವ ಪ್ರಯತ್ನದಲ್ಲೇ 1970ರ ಜನವರಿಯಲ್ಲಿ ವಿಮಾನ ಬಿದ್ದು ದಾಸ್ ತೀರಿಹೋದರು. ಬೆಂಗಳೂರಿನ ಸುರಂಜನ್ ದಾಸ್ ರಸ್ತೆ ಅವರ ನೆನಪಿನದು. ಆ ದಾರಿಯಲ್ಲಿ ಹೋದಾಗ ಒಮ್ಮೆ ನೆನೆಯಿರಿ.

ಆದರೂ 147 ಮಾರುತಗಳು ತಯಾರಾದವು. 1971ರ ಯುದ್ಧದಲ್ಲಿ ರಾಜಸ್ಥಾನ ಗಡಿಯಲ್ಲಿ ಹೋರಾಡಿದವು. ಆಮೇಲೆ? ಅದರ ಮುಂದಿನ ವಿಮಾನವನ್ನು ಯಾರೂ ಮಾಡಲಿಲ್ಲ. ಕಲಿತ ಕೈಗಳು ಚದುರಿಹೋದವು.

ಅವರು ನಿಲ್ಲಿಸಲಿಲ್ಲ

ಚೀನಾದವರದೂ ಸಲೀಸಾದ ದಾರಿಯಲ್ಲ. 1960ರಲ್ಲಿ ಸೋವಿಯತ್ ತಜ್ಞರು ಗಂಟುಮೂಟೆ ಕಟ್ಟಿ ಹೊರಟುಹೋದರು. ಸಾಂಸ್ಕೃತಿಕ ಕ್ರಾಂತಿಯ ಗಲಾಟೆಯಲ್ಲಿ ವರ್ಷಗಟ್ಟಲೆ ಕೆಲಸ ಕೆಟ್ಟಿತು. ಎಂಜಿನ್ ಅವರಿಗೂ ತಲೆನೋವೇ. ಆದರೆ ಕಾರ್ಖಾನೆ ಮುಚ್ಚಲಿಲ್ಲ, ವಿನ್ಯಾಸಕಾರರನ್ನು ಬಿಡಲಿಲ್ಲ. ಮಿಗ್-21 ಅವರಿಗೂ ಸಿಕ್ಕಿತು, ನಮಗೂ ಸಿಕ್ಕಿತು. ನಾವು ನಾಸಿಕ್‌ನಲ್ಲಿ ಲೈಸೆನ್ಸ್ ಪ್ರಕಾರ ಮಾಡಿದೆವು. ಅವರು ಅದನ್ನೇ ಜೆ-7 ಎಂದು ತಿದ್ದಿ ತೀಡಿ 2013ರವರೆಗೂ ಮಾಡಿದರು.

ಮುಂದಿನ ಲೆಕ್ಕ ನೋಡಿ. ನಮ್ಮ ತೇಜಸ್ ಯೋಜನೆಗೆ 1983ರಲ್ಲಿ ಒಪ್ಪಿಗೆ ಸಿಕ್ಕಿತು. ಚೀನಾದ ಜೆ-10ಕ್ಕೆ 1980ರ ದಶಕದ ನಡುವಿನಲ್ಲಿ. ಜೆ-10 ಹಾರಿದ್ದು 1998ರಲ್ಲಿ, ತೇಜಸ್ ಹಾರಿದ್ದು 2001ರ ಜನವರಿ 4ರಂದು. ಅಂತರ ಮೂರೇ ವರ್ಷ! ಆದರೆ ಜೆ-10 ಐದಾರು ವರ್ಷದಲ್ಲೇ ವಾಯುಪಡೆ ಸೇರಿತು. ತೇಜಸ್‌ನ ಮೊದಲ ಪಡೆ ರಚನೆಯಾದದ್ದು 2016ರಲ್ಲಿ.

ಯಾಕೆ? ಚೀನಾ ರಷ್ಯಾದ ಎಂಜಿನ್ ಹಾಕಿ ಮೊದಲು ವಿಮಾನ ಹೊರಗೆ ತಂದಿತು, ಸ್ವಂತ ಎಂಜಿನ್ನನ್ನು ಆಮೇಲೆ ಕೂರಿಸಿತು. ಆ ಎಂಜಿನ್ನಿಗೂ ದಶಕಗಳೇ ಹಿಡಿದವು. ನಮ್ಮವರು ಇಪ್ಪತ್ತು ವರ್ಷದ ಖಾಲಿತನದ ಮೇಲೆ ಎಲ್ಲವನ್ನೂ ಹೊಸದಾಗಿ ಕಲಿಯಬೇಕಾಯಿತು. 1998ರ ಪೋಖ್ರಾನ್ ಪರೀಕ್ಷೆಯ ನಂತರ ಅಮೆರಿಕ ನೆರವು ನಿಲ್ಲಿಸಿತು. ನಮ್ಮ ಹೊಳೆಯ ಹೆಸರಿಟ್ಟ ಕಾವೇರಿ ಎಂಜಿನ್ ಬೇಕಾದಷ್ಟು ಬಲ ಕೊಡದೆ, 2008ರಲ್ಲಿ ಅದನ್ನು ತೇಜಸ್‌ನಿಂದ ಬೇರ್ಪಡಿಸಿದರು. ಇವತ್ತಿಗೂ ತೇಜಸ್‌ಗೆ ಅಮೆರಿಕದ ಎಂಜಿನ್ನೇ ಬೇಕು. ಅದು ತಡವಾದರೆ ವಿಮಾನವೂ ತಡ.

ಉಳಿ ಕೆಳಗಿಟ್ಟರೆ

2021ರಲ್ಲಿ 83, 2025ರಲ್ಲಿ 97 ತೇಜಸ್ ವಿಮಾನಗಳಿಗೆ ಆರ್ಡರ್ ಆಗಿದೆ. ಐಟಿಐ, ಡಿಪ್ಲೊಮಾ ಓದಿದ ನಮ್ಮ ಕಡೆಯ ಮಕ್ಕಳಿಗೂ ಇದರಲ್ಲಿ ಅನ್ನವಿದೆ. ಆದರೆ ಆರ್ಡರ್ ಮುಗಿದ ಮೇಲೆ ಮತ್ತೆ ಕೈ ಕಟ್ಟಿ ಕೂತರೆ, ಮಾರುತದ ಕತೆಯೇ ಮರುಕಳಿಸುತ್ತದೆ.

ಇದನ್ನು ನಮ್ಮ ತಾಲ್ಲೂಕಿಗೆ ಹೊರಗಿನವರು ಬಂದು ಹೇಳಬೇಕಿಲ್ಲ. ಹಾಲೆ ಮರ ಕಡೆದು ಅರಗಿನ ಬಣ್ಣ ಹಾಕುವ ಮನೆಯಲ್ಲಿ ಒಂದು ತಲೆಮಾರು ಉಳಿ ಕೆಳಗಿಟ್ಟರೆ ಸಾಕು, ಮುಂದಿನ ತಲೆಮಾರು ಮೊದಲಿಂದ ಕಲಿಯಬೇಕು. ಹಣ ಕೊಟ್ಟರೆ ಮೆಷಿನ್ ಬರುತ್ತದೆ, ಕೈ ಬರುವುದಿಲ್ಲ.

ಟೀ ಅಂಗಡಿಯ ಹಿರಿಯರಿಗೆ ಈಗ ನಾವು ಹೇಳುವುದು ಇಷ್ಟೇ: ನಮ್ಮೋರ ಕೈಲಿ ಆಗುತ್ತೆ ಯಜಮಾನ್ರೇ, ಆಗಿತ್ತು ಕೂಡ. ನಡುವೆ ನಿಲ್ಲಿಸಬಾರದಿತ್ತು.