ಸವಾಲು

ಅರಬ್ಬಿಯ ‘ಸುಆಲ್’ ಎಂದರೆ ಪ್ರಶ್ನೆ. ಫಾರಸಿ, ಉರ್ದುಗಳ ಹಾದಿಯಲ್ಲಿ ಕನ್ನಡಕ್ಕೆ ಬಂದ ಈ ಪದ ಕೋರ್ಟಿನ ಪಾಟೀಸವಾಲಿನಲ್ಲಿ ಇನ್ನೂ ಪ್ರಶ್ನೆಯೇ. ಬೀದಿಯಲ್ಲಿ ಅದು ಪಂಥ, ಹರಾಜಿನಲ್ಲಿ ಕೂಗುವ ಬೆಲೆ.

ಮೂರು ಅರ್ಥವೂ ಒಂದೇ ಬಾಯಲ್ಲಿ ಕೂಡುವುದು ಬ್ರಿಜ್ ಎಂಬ ಎಲೆಯಾಟದಲ್ಲಿ. ಅಲ್ಲಿ ಕೂಗುವ ಸವಾಲು ಜೊತೆಗಾರನಿಗೆ ಪ್ರಶ್ನೆ, ಎದುರಾಳಿಗೆ ಪಂಥ. ಆಟ ಕೆಟ್ಟಿತೋ, ‘ಅಷ್ಟೆಲ್ಲ ಯಾಕೆ ಕೂಗಿದೆ?’ ಎಂದು ಜೊತೆಗಾರನ ಪಾಟೀಸವಾಲು ಶುರು! ಆದರೆ ಸೋತ ಸವಾಲೆಲ್ಲ ತಪ್ಪು ಸವಾಲಲ್ಲ. ಎದುರಾಳಿಗಳು ಎರಡು ಇಸ್ಪೀಟು ಕೂಗಿ ಎಂಟು ಟ್ರಿಕ್ ಗೆದ್ದರೆ ಅವರಿಗೆ 110 ಅಂಕ. ಅದರ ಮೇಲೆ ನೀವು ಮೂರು ಆಟೀನು ಕೂಗಿ ಒಂದು ಟ್ರಿಕ್ ಕಮ್ಮಿ ಬಿದ್ದಿರಿ ಎನ್ನಿ. ನಿಮ್ಮ ಕಡೆ ವಲ್ನರಬಲ್ (ಸೋತರೆ ದಂಡ ಹೆಚ್ಚಾಗುವ ಸ್ಥಿತಿ) ಅಲ್ಲದಿದ್ದರೆ ಹೋಗುವುದು 50. ಅವರು ಡಬಲ್ ಹೇಳಿದ್ದರೂ 100. ಸೋತೇ ಹತ್ತು ಅಂಕ ಉಳಿಯಿತು.

ಎಲ್ಲಿಯವರೆಗೆ ಕೂಗಬಹುದು? ಫ್ರಾನ್ಸಿನ ಜಾನ್-ರೆನೆ ವರ್ನ್ 1969ರಲ್ಲಿ ‘ಬ್ರಿಜ್ ವರ್ಲ್ಡ್’ ಪತ್ರಿಕೆಯಲ್ಲಿ ಇದನ್ನು ಅಂದಾಜಿಸಲು ಒಂದು ಲೆಕ್ಕ ಕೊಟ್ಟರು: ಎರಡೂ ಕಡೆಯವರು ತಂತಮ್ಮ ತುರುಪಿನಲ್ಲಿ ಗೆಲ್ಲಬಹುದಾದ ಟ್ರಿಕ್‌ಗಳ ಮೊತ್ತ, ಹೆಚ್ಚುಕಮ್ಮಿ, ಅವರ ತುರುಪಿನ ಎಲೆಗಳ ಮೊತ್ತದಷ್ಟೇ.