ಕಾಳಿಗೆ ಕಲ್ಲು, ಬೀದಿನಾಯಿಗೆ ನೀರು

ಬೇಸಿಗೆಯಲ್ಲಿ ನಮ್ಮ ಚಿಂತಾಮಣಿಗೆ ಬಂದವರಿಗೆ ಗೊತ್ತು, ಮಧ್ಯಾಹ್ನದ ಹೊತ್ತು ಅರ್ಧ ಊರು ಬಾಗಿಲು ಮುಂದೆ ಮಾಡಿಕೊಂಡು ಕೂತಿರುತ್ತದೆ. ಈ ಕಡೆ ವರ್ಷವಿಡೀ ಹರಿಯುವ ನದಿ ಇಲ್ಲ. ಕೆರೆಯಲ್ಲಿ ನೀರಿದ್ದರೆ ಸರಿ, ಇಲ್ಲದಿದ್ದರೆ ಬೋರ್‌ವೆಲ್ಲೇ ಗತಿ. ಮನುಷ್ಯರ ಪಾಡೇ ಹೀಗಿರುವಾಗ, ಯಾರೋ ಸಾಕಿ ಬಿಟ್ಟುಹೋದ ನಾಯಿಯ ಪಾಡೇನು? ಈ ಪ್ರಶ್ನೆ ಹಿಡಿದು ಹಳೆಯದನ್ನೆಲ್ಲ ಕೆದಕುತ್ತಾ ಹೋದಾಗ ಸಿಕ್ಕಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕನ್ನಡನಾಡಿನ ಇತಿಹಾಸದಲ್ಲಿ ಅತ್ಯಂತ ಹೆಸರುವಾಸಿಯಾದ ನಾಯಿ ಅಂದರೆ ಕಾಳಿ. ಮಂಡ್ಯ ಜಿಲ್ಲೆ ಮದ್ದೂರು ತಾಲೂಕಿನ ಆತಕೂರಿನ ಶಾಸನ, ಕ್ರಿ.ಶ. ೯೪೯-೫೦ರದ್ದು. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟರ ಮೂರನೇ ಕೃಷ್ಣ ಮತ್ತು ಗಂಗರ ಇಮ್ಮಡಿ ಬೂತುಗ ಸೇರಿ ಚೋಳ ರಾಜಾದಿತ್ಯನನ್ನು ಸೋಲಿಸಿದರು. ಅಲ್ಲಿ ಶೌರ್ಯ ತೋರಿದ ಮಣಲೇರನಿಗೆ ಬೂತುಗ, ಏನು ಬೇಕೋ ಕೇಳು ಅಂದ. ಆತ ಕೇಳಿದ್ದು ಊರನ್ನಲ್ಲ, ಹೊನ್ನನ್ನಲ್ಲ... ಕಾಳಿಯೆಂಬ ಬೇಟೆನಾಯಿಯನ್ನು! ಮುಂದೆ ಕಾಳಿ ಒಂದು ದೊಡ್ಡ ಹಂದಿಯ ಜೊತೆ ಕಾದಾಡಿತು, ಎರಡೂ ಸತ್ತವು. ಮಣಲೇರ ದೇವಸ್ಥಾನದ ಎದುರು ಕಲ್ಲು ನಿಲ್ಲಿಸಿ ಭೂಮಿ ದತ್ತಿ ಬಿಟ್ಟ. ಆ ಕಲ್ಲಿಗೆ ಪೂಜೆ ಮಾಡದೆ ಪೂಜಾರಿ ಊಟ ಮಾಡಿದರೆ ಪಾಪ ತಟ್ಟುತ್ತದೆಂದೂ ಬರೆಸಿದ. ಈ ಕಲ್ಲು ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಒಮ್ಮೆ ಹೋಗಿ ನೋಡಿ.

ಆದರೆ ಕಾಳಿಗೆ ಯಜಮಾನನಿದ್ದ. ಯಜಮಾನನಿಲ್ಲದ ಪ್ರಾಣಿಯ ಯೋಚನೆ ಯಾರು ಮಾಡಿದರು? ಅದಕ್ಕೆ ಇನ್ನೂ ಹಿಂದೆ, ಕ್ರಿ.ಪೂ. ೩ನೇ ಶತಮಾನಕ್ಕೆ ಹೋಗಬೇಕು. ಅಶೋಕನ ಎರಡನೆಯ ಬಂಡೆಶಾಸನದಲ್ಲಿ ಮನುಷ್ಯರಿಗೂ ಪ್ರಾಣಿಗಳಿಗೂ ಚಿಕಿತ್ಸೆ, ಇಬ್ಬರಿಗೂ ಉಪಯೋಗವಾಗಲೆಂದು ದಾರಿಯುದ್ದಕ್ಕೂ ಬಾವಿ ಮತ್ತು ಮರಗಳು ಎಂದಿದೆ. ಆ ಶಾಸನದ ಒಂದು ಪ್ರತಿ ನಮ್ಮ ಗಡಿಯಾಚೆಯ ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿದೆ.

ನಮ್ಮ ಊರುಗಳೂ ಈ ದಾರಿ ಬಿಟ್ಟಿರಲಿಲ್ಲ. ಬಿಸಿಲುಗಾಲದಲ್ಲಿ ಅರವಟ್ಟಿಗೆ ಇಡುವುದು ಪುಣ್ಯದ ಕೆಲಸ. ದನ ಕುಡಿಯಲೆಂದು ಬಾವಿಯ ಪಕ್ಕ ಕಲ್ಲಿನ ತೊಟ್ಟಿ ಇರುತ್ತಿತ್ತು. ನಾಯಿಗೆಂದೇ ಯಾರೂ ಇಡಲಿಲ್ಲ ನಿಜ, ಆದರೆ ಅದೇ ತೊಟ್ಟಿಯಲ್ಲಿ ಅದೂ ನಾಲ್ಕು ಗುಟುಕು ಕುಡಿದು ಹೋಗುತ್ತಿತ್ತು. ಬೋರ್‌ವೆಲ್ ಬಂದಮೇಲೆ ನೀರು ಪೈಪಿನೊಳಗೆ, ಸಿಂಟೆಕ್ಸ್ ಟ್ಯಾಂಕಿನೊಳಗೆ ಸೇರಿತು. ನಲ್ಲಿ ತಿರುಗಿಸುವುದು ನಾಯಿಗೆ ಬರುತ್ತದೆಯೇ?

ಹೋದ ಬೇಸಿಗೆ ರಜೆಗೆ ಊರಿಗೆ ಬಂದಿದ್ದಾಗ ಬೆಂಗಳೂರು ರಸ್ತೆಯ ಟೀ ಅಂಗಡಿ ಹತ್ತಿರ ಕೊರಳಲ್ಲಿ ಪಟ್ಟಿ ಇದ್ದ ನಾಯಿಯೊಂದು ನಿಂತ ಲಾರಿಯ ನೆರಳಲ್ಲಿ ಏದುಸಿರು ಬಿಡುತ್ತಾ ಮಲಗಿತ್ತು. "ಎರಡು ದಿನ ಆಯ್ತಣ್ಣ, ಯಾರೋ ಕಾರಲ್ಲಿ ತಂದು ಬಿಟ್ಟೋದ್ರು" ಅಂದ ಅಂಗಡಿ ಹುಡುಗ. ಅವನೇ ಚೊಂಬಲ್ಲಿ ನೀರು ತಂದ, ನಾನು ಒದ್ದೆ ಬಟ್ಟೆಯಿಂದ ಅದರ ಹೊಟ್ಟೆ, ಪಾದ ತೋಯಿಸಿದೆ. ಅರ್ಧ ಗಂಟೆಯಲ್ಲಿ ಎದ್ದು ನಿಂತಿತು. ಈಗ ಅದೇ ಅಂಗಡಿಯಲ್ಲೇ ಇದೆ, ಹುಡುಗನ ಹಿಂದೆಯೇ ಓಡಾಡುತ್ತದೆ.

ಹೀಗೆ ಬಿಟ್ಟುಹೋಗುವುದು ಅಪರಾಧ ಅಂತ ಎಷ್ಟು ಜನಕ್ಕೆ ಗೊತ್ತು? ರಾಜ್ಯಸಭೆಗೆ ನಾಮಕರಣಗೊಂಡಿದ್ದ ನೃತ್ಯ ಕಲಾವಿದೆ ರುಕ್ಮಿಣೀದೇವಿ ಅರುಂಡೇಲ್ ಅವರ ಒತ್ತಾಯದ ಫಲವಾಗಿ ಪ್ರಾಣಿಹಿಂಸೆ ತಡೆ ಕಾಯಿದೆ ೧೯೬೦ರಲ್ಲಿ ಬಂತು. ೧೯೬೨ರಲ್ಲಿ ಪ್ರಾಣಿ ಕಲ್ಯಾಣ ಮಂಡಳಿ ಆದಾಗ ಅವರೇ ಮೊದಲ ಅಧ್ಯಕ್ಷೆ. ಹಸಿವು, ಬಾಯಾರಿಕೆಯಿಂದ ನರಳುವಂಥ ಸ್ಥಿತಿಯಲ್ಲಿ ಪ್ರಾಣಿಯನ್ನು ಕಾರಣವಿಲ್ಲದೆ ಬಿಟ್ಟುಹೋಗುವುದು ಕ್ರೌರ್ಯ ಎಂದು ಅದರ ೧೧ನೇ ಕಲಂ ಹೇಳುತ್ತದೆ. 'ಬಾಯಾರಿಕೆ' ಎಂಬ ಮಾತು ಕಾನೂನಿನಲ್ಲೇ ಇದೆ, ಗಮನಿಸಿ. ಆದರೆ ಮೊದಲ ತಪ್ಪಿಗೆ ದಂಡ ೧೦ರಿಂದ ೫೦ ರೂಪಾಯಿ ಅಷ್ಟೇ! ಬೀದಿನಾಯಿಗಳಿಗೆ ಸಂತಾನಹರಣ, ರೇಬೀಸ್ ಲಸಿಕೆಯ ನಿಯಮ ಬಂದಿದ್ದು ೨೦೦೧ರಲ್ಲಿ. ೨೦೨೩ರಲ್ಲಿ ಹೊಸ ನಿಯಮ ಬಂದು ಆ ಹೊಣೆ ಸ್ಥಳೀಯ ಸಂಸ್ಥೆಗಳ ಮೇಲಿದೆ.

ಕಾನೂನು ಕೆಲಸ ಮಾಡುವವರೆಗೆ ನಾವೇನು ಮಾಡಬಹುದು? ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ, ನಾಲಿಗೆ ಚಾಚಿ ಏದುಸಿರು ಬಿಟ್ಟೇ ಅದು ತಂಪಾಗಬೇಕು. ಅದರ ಮೈಬಿಸಿ ೩೮-೩೯ ಡಿಗ್ರಿ ಇರುತ್ತದೆ, ೪೦ ದಾಟಿದರೆ ಅಪಾಯ. ಮೊದಲು ನೆರಳಿಗೆ ಸೇರಿಸಿ, ಸ್ವಲ್ಪ ಸ್ವಲ್ಪವಾಗಿ ನೀರು ಕೊಡಿ, ಮೈ ತೋಯಿಸಿ. ಐಸ್ ನೀರು ಬೇಡ. ಚೇತರಿಸಿಕೊಳ್ಳದಿದ್ದರೆ ಪಶು ಆಸ್ಪತ್ರೆಗೆ ಒಯ್ಯಿರಿ. ಹೆದರಿದ ನಾಯಿಯನ್ನು ಹಿಡಿಯಲು ಹೋಗಬೇಡಿ. ಕಚ್ಚಿದರೆ ಗಾಯವನ್ನು ಸೋಪು ಹಾಕಿ ೧೫ ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಿ.

ಮಣಲೇರನ ಹಾಗೆ ಭೂಮಿ ದತ್ತಿ ಬಿಡುವ ಶಕ್ತಿ ನಮಗಿಲ್ಲ. ಗೇಟಿನ ಹೊರಗೆ, ನೆರಳಿರುವ ಕಡೆ ಒಂದು ಸಿಮೆಂಟ್ ತೊಟ್ಟಿ ಇಟ್ಟು ದಿನಾ ನೀರು ಬದಲಿಸುವುದು ಯಾರಿಗಾದರೂ ಆದೀತು. ನಮ್ಮ ಮನೆ ಮುಂದೆ ಇಟ್ಟಿದ್ದೇವೆ. ನಾಯಿ ಮಾತ್ರವಲ್ಲ, ಹಸು, ಕಾಗೆ, ಅಳಿಲು ಎಲ್ಲವೂ ಬರುತ್ತವೆ. ನೀವೂ ಇಟ್ಟು ನೋಡಿ.