ತಿಮಿಂಗಿಲ ದಾಟದ ಗೆರೆ 🐋

ಕಡಲ ಚರಿತ್ರೆ | ಭಾಗ 4

ನೆಲದ ಮೇಲೆ ಪ್ರಾಣಿಗಳನ್ನ ಬೆಟ್ಟ, ಮರುಭೂಮಿ ತಡೆಯುತ್ತವೆ. ಕಡಲಲ್ಲಿ ಅಂಥ ಗೋಡೆನೇ ಇಲ್ಲ, ಎಲ್ಲ ಸಾಗರಗಳೂ ಒಂದಕ್ಕೊಂದು ಸೇರಿಕೊಂಡಿವೆ. ಹಾಗಾದ್ರೆ ತಿಮಿಂಗಿಲ ಎಲ್ಲಿಗೆ ಬೇಕಾದ್ರೂ ಹೋಗಬಹುದು, ಅಲ್ವಾ?

ಇಲ್ಲ. ಇದನ್ನ ನಕ್ಷೆಯ ಮೇಲೆ ತೋರಿಸಿಕೊಟ್ಟವರು ಅಮೆರಿಕದ ನೌಕಾಪಡೆಯ ಮ್ಯಾಥ್ಯೂ ಮೌರಿ. ಅಪಘಾತದಲ್ಲಿ ಕಾಲಿಗೆ ಪೆಟ್ಟಾಗಿ ಅವರ ಸಮುದ್ರಯಾನ ನಿಂತುಹೋಗಿತ್ತು. 1842ರಲ್ಲಿ ವಾಷಿಂಗ್ಟನ್‌ನ ನಕ್ಷೆಗಳ ಕಚೇರಿಯ ಹೊಣೆ ಸಿಕ್ಕಿತು. ಅಲ್ಲಿ ರಾಶಿ ಬಿದ್ದಿದ್ದ ಹಡಗುಗಳ ಹಳೇ ಲಾಗ್‌ಬುಕ್‌ಗಳನ್ನ ಓದಿಸತೊಡಗಿದರು. ಆಮೇಲೆ ತಿಮಿಂಗಿಲ ಬೇಟೆಗಾರರ ಲಾಗ್‌ಬುಕ್‌ಗಳನ್ನೂ ತರಿಸಿಕೊಂಡರು. ಕಡಲನ್ನ 5 ಡಿಗ್ರಿಯ ಚೌಕಗಳಾಗಿ ಭಾಗ ಮಾಡಿ, ಯಾವ ತಿಂಗಳು ಎಲ್ಲಿ ಎಷ್ಟು ದಿನ ಹುಡುಕಿದರು, ಎಷ್ಟು ದಿನ ತಿಮಿಂಗಿಲ ಕಂಡಿತು ಅಂತ ಲೆಕ್ಕ ಹಾಕಿಸಿದರು. 1851ರಲ್ಲಿ ನಕ್ಷೆ ಬಂತು.

ಅದರಲ್ಲಿ ಏನಿತ್ತು ಗೊತ್ತಾ? ಸ್ಪರ್ಮ್ ವೇಲ್ ಬೆಚ್ಚಗಿನ ಕಡಲಲ್ಲಿ ಹೇರಳ. ರೈಟ್ ವೇಲ್ ಉತ್ತರದ ತಂಪು ನೀರಲ್ಲಿದೆ, ದಕ್ಷಿಣದ ತಂಪು ನೀರಲ್ಲೂ ಇದೆ. ನಡುವಿನ ಉಷ್ಣವಲಯದಲ್ಲಿ ಮಾತ್ರ ಇಲ್ಲ! ಅದಕ್ಕೆ ಆ ಪಟ್ಟಿ ಬೆಂಕಿ ಇದ್ದ ಹಾಗೆ ಅಂದರು ಮೌರಿ. ಉತ್ತರದವೂ ದಕ್ಷಿಣದವೂ ಬೇರೆ ಬೇರೆ ಜಾತಿ ಅಂತ ಇವತ್ತು ಡಿಎನ್‌ಎ ಕೂಡ ಹೇಳುತ್ತೆ.

ಕಾರಣ ಮೈಯಲ್ಲೂ ಇದೆ, ಊಟದಲ್ಲೂ ಇದೆ. ರೈಟ್ ವೇಲ್‌ಗೆ ಚರ್ಮದಡಿ ದಪ್ಪ ಕೊಬ್ಬಿನ ಕಂಬಳಿ. ಅದು ತಿನ್ನೋ ಪುಟ್ಟ ಪುಟ್ಟ ಕೋಪೆಪಾಡ್‌ಗಳು ದಟ್ಟವಾಗಿ ಸಿಗೋದು ತಂಪು ಕಡಲಲ್ಲಿ.

ಆದರೆ ಈ ನಕ್ಷೆ ಮಾಡಿದ್ದು ಬೇಟೆಗಾರರಿಗೋಸ್ಕರ. ನಿಧಾನವಾಗಿ ಈಜುತ್ತೆ, ಸತ್ತರೂ ತೇಲುತ್ತೆ, ಎಣ್ಣೆ ಜಾಸ್ತಿ: ಕೊಲ್ಲೋಕೆ ಸರಿಯಾದದ್ದು ಅಂತಲೇ ಅದಕ್ಕೆ 'ರೈಟ್' ಅನ್ನೋ ಹೆಸರು ಬಂತು ಅನ್ನೋ ಮಾತಿದೆ. ಅದು ಎಲ್ಲಿರುತ್ತೆ ಅನ್ನೋ ಜ್ಞಾನ ನಮಗೆ ಬಂದದ್ದು ಅದನ್ನ ಕೊಂದವರ ಕೈಬರಹದಿಂದ.

1935ರಲ್ಲಿ ಅಂತಾರಾಷ್ಟ್ರೀಯ ರಕ್ಷಣೆ ಬಂತು. ದಕ್ಷಿಣದ ರೈಟ್ ವೇಲ್‌ಗಳು ಚೇತರಿಸಿಕೊಳ್ಳುತ್ತಿವೆ. ಉತ್ತರ ಅಟ್ಲಾಂಟಿಕ್‌ನಲ್ಲಿ ಉಳಿದಿರೋದು 400ಕ್ಕೂ ಕಡಿಮೆ. ಹಡಗು ಡಿಕ್ಕಿ ಹೊಡೆದು, ಮೀನುಗಾರಿಕೆಯ ಹಗ್ಗಕ್ಕೆ ಸಿಕ್ಕಿ ಈಗಲೂ ಸಾಯುತ್ತಿವೆ.

ದಕ್ಷಿಣದವು ಬಂದು ಆ ಜಾಗ ತುಂಬಲ್ಲ. ನಡುವೆ ಅದೇ ಬೆಚ್ಚಗಿನ ಕಡಲಿದೆ. ಉತ್ತರದವು ಹೋದರೆ ಹೋದವೇ.

ಮುಂದಿನ ಭಾಗ: ಸ್ಪರ್ಮ್ ವೇಲ್‌ಗಳಲ್ಲಿ ತಾಯಿ-ಮರಿ ಬೆಚ್ಚಗಿನ ನೀರಲ್ಲೇ ಉಳಿದು, ದೊಡ್ಡ ಗಂಡುಗಳು ಮಾತ್ರ ಧ್ರುವದ ಕಡೆ ಹೋಗೋದ್ಯಾಕೆ?

#ಕಡಲಚರಿತ್ರೆ #ತಿಮಿಂಗಿಲ #ಕನ್ನಡದಲ್ಲಿವಿಜ್ಞಾನ